ಯಾರ ಮಗನೋ ನೀನು?

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘ ಎಷ್ಟು ಲೀಟರಿನಿಂದ ಶುರುವಾಗಿ ಎಷ್ಟಕ್ಕೆ ಬಂದಿದೆ ಎಂಬ ವರದಿಯನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ತೆಗೆಯುವುದಿಲ್ಲ. ನಮಗೆ ಕೊಟ್ಟಿರುವ ವಿಷಯ ‘ಬೆಳೆಸಿದ ರೀತಿ ಮತ್ತು ನಮ್ಮ ಗುರುತು’. ಇದನ್ನು ಕೇಳಿ ನಮ್ಮ ನಿರ್ದೇಶಕರೊಬ್ಬರು, ‘ಹಾಲಿನ ಸಂಘಕ್ಕೂ ಇದಕ್ಕೂ ಏನಯ್ಯಾ ಸಂಬಂಧ? ಮೇವಿನ ಬಗ್ಗೆ ಮಾತಾಡೋದು ಬಿಟ್ಟು’ ಅಂದರು. ಸಂಬಂಧ ಇದೆ ಎನ್ನುವುದೇ ನಮ್ಮ ಮಾತು. ನಾವು ಎಸ್‌ಎಸ್‌ಎಲ್‌ಸಿವರೆಗೆ ಓದಿದವರು. ಪುಸ್ತಕದ ಮಾತು ಹೆಚ್ಚು ಬಾರದು. ಕೊಟ್ಟಿಗೆಯಲ್ಲಿ, ತೋಟದಲ್ಲಿ, ಸಂಘದ ಸಾಲಿನಲ್ಲಿ ಕಂಡದ್ದನ್ನೇ ಹೇಳುತ್ತೇವೆ.

ನಮ್ಮ ಕಡೆ ಹಳ್ಳಿಗಳಲ್ಲಿ ಗುರುತಿಲ್ಲದ ಹುಡುಗ ಬೀದಿಯಲ್ಲಿ ಬಂದರೆ ಅರಳಿಕಟ್ಟೆ ಮೇಲೆ ಕುಳಿತ ಹಿರಿಯರು ನಿನ್ನ ಹೆಸರೇನು ಅಂತ ಮೊದಲು ಕೇಳುವುದಿಲ್ಲ. ‘ಯಾರ ಮಗನೋ ನೀನು?’ ಅಂತ ಕೇಳುತ್ತಾರೆ. ಶ್ರೀನಿವಾಸಪುರದ ಆಚೆ, ರಾಯಲ್ಪಾಡು ಕಡೆ ಹೋದರೆ ಅದೇ ಮಾತು ತೆಲುಗಿನಲ್ಲಿ, ‘ಎವರ ಪಿಲ್ಲೋಡ್ರಾ ನುವ್ವು?’ ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ಅವರಿಗೆ ಎಲ್ಲಾ ಗೊತ್ತಾಗಿಬಿಡುತ್ತದೆ. ಯಾವ ಬೀದಿ, ಯಾವ ಜಾತಿ, ಎಷ್ಟು ಎಕರೆ, ಅವರ ತಾತ ಯಾರ ಜೊತೆ ಜಗಳವಾಡಿದ್ದ, ಎಲ್ಲಾ. ಹುಡುಗನ ಹೆಸರು ಕೊನೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂದರೆ ನಮ್ಮ ಗುರುತನ್ನು ನಾವು ಹುಟ್ಟಿಸಿಕೊಳ್ಳುವುದಿಲ್ಲ. ನಾವು ಮಾತು ಕಲಿಯುವ ಮುಂಚೆಯೇ ಊರು ಅದನ್ನು ಬರೆದಿಟ್ಟಿರುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ನಾವು ಅದನ್ನೇ ಓದಿಕೊಂಡು, ‘ಇದೇ ನಾನು’ ಅಂತ ನಂಬುತ್ತೇವೆ.

ಸರ್ಕಾರದ ಗುರುತು ಬೇರೆ. ಹಸುವಿನ ಕಿವಿಗೆ ಹಳದಿ ಟ್ಯಾಗ್ ಹಾಕುತ್ತಾರೆ, ಅದರಲ್ಲಿ 12 ಅಂಕಿ. ನಮ್ಮ ಆಧಾರ್ ಕಾರ್ಡಿನಲ್ಲೂ 12 ಅಂಕಿ. ಅಲ್ಲಿಗೆ ಸರ್ಕಾರದ ಕಣ್ಣಿನಲ್ಲಿ ಹಸುವಿಗೂ ಯಜಮಾನನಿಗೂ ಸಮ ಮರ್ಯಾದೆ. ನಗಬೇಡಿ. ಟ್ಯಾಗ್ ನೋಡಿದರೆ ಇದು ಯಾವ ಹಸು ಅಂತ ಗೊತ್ತಾಗುತ್ತದೆ. ಅದು ಒದೆಯುತ್ತದೋ ಇಲ್ಲವೋ, ಯಾರ ಕೈಗೆ ಹಾಲು ಸೊರೆಯುತ್ತದೆ ಎಂಬುದು ಗೊತ್ತಾಗುವುದಿಲ್ಲ. ಅದು ಸಾಕಿದವರಿಗೆ ಗೊತ್ತು.

‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತ ಗಾದೆ ಇದೆ. ಹಸು ಸಾಕುವ ನಾವು ಈ ಗಾದೆಯನ್ನು ಸ್ವಲ್ಪ ಪರೀಕ್ಷೆ ಮಾಡಿ ನೋಡಬೇಕು. ಒಂದೇ ಹೋರಿಯ ವೀರ್ಯದ ನಳಿಕೆಗಳನ್ನು ಎರಡು ಮನೆಯ ಹಸುಗಳಿಗೆ ಕೊಡಿಸುತ್ತೇವೆ. ಎರಡು ಹೆಣ್ಣುಗರು ಹುಟ್ಟುತ್ತವೆ. ಒಂದು ಮನೆಯಲ್ಲಿ ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುತ್ತಾರೆ, ದಿನಕ್ಕೆ ಅದರ ಮೈತೂಕದ ಹತ್ತರಲ್ಲಿ ಒಂದು ಭಾಗ ಹಾಲು ಬಿಡುತ್ತಾರೆ, ಹೊತ್ತಿಗೆ ಸರಿಯಾಗಿ ಜಂತುಹುಳದ ಔಷಧಿ ಹಾಕುತ್ತಾರೆ. ಇನ್ನೊಂದು ಮನೆಯಲ್ಲಿ ಎಲ್ಲಾ ಹಾಲನ್ನೂ ಕ್ಯಾನಿಗೆ ಸುರಿದು, ಕರುವಿನ ಬಾಯಿಗೆ ಹಗ್ಗ ಬಿಟ್ಟಿರುತ್ತಾರೆ. ಮೂರು ವರ್ಷದ ಮೇಲೆ ಎರಡೂ ಕರು ಹಾಕಿದಾಗ ನೋಡಿ. ತಳಿ ಒಂದೇ, ಹಾಲು ಒಂದೇ ಅಲ್ಲ. ಆಗ ಎರಡನೇ ಮನೆಯವರು, ‘ನಮ್ಮ ಹಸುವಿನ ಜಾತಿಯೇ ಸರಿ ಇಲ್ಲ’ ಅಂತ ಹೇಳುತ್ತಾರೆ!

ಎತ್ತಿನ ಬೇಸಾಯ ಕಂಡ ಹಿರಿಯರಿಗೆ ಇನ್ನೊಂದು ವಿಷಯ ಗೊತ್ತು. ನೊಗದ ಎಡಗಡೆ ಕಟ್ಟಿ ಪಳಗಿಸಿದ ಎತ್ತನ್ನು ಬಲಗಡೆ ಕಟ್ಟಿದರೆ ಅದು ಒಪ್ಪುವುದಿಲ್ಲ. ತಿಣುಕುತ್ತದೆ, ಜೊತೆ ಎತ್ತನ್ನು ತಳ್ಳುತ್ತದೆ. ಎಡಗಡೆಯ ಎತ್ತು ಅಂತ ಯಾವ ಎತ್ತೂ ಹುಟ್ಟಿಲ್ಲ. ಕಟ್ಟಿದವರು ಎಡಕ್ಕೆ ಕಟ್ಟಿದರು, ಅದು ಎಡದ ಎತ್ತಾಯಿತು. ಮನುಷ್ಯರ ವಿಷಯವೂ ಹೆಚ್ಚು ಕಡಿಮೆ ಇಷ್ಟೇ.

ಮೊದಲು ನಮ್ಮ ಭಾಷೆಯ ಗುರುತನ್ನೇ ತೆಗೆದುಕೊಳ್ಳಿ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ನಂಗಲಿ ದಾಟಿದರೆ ಆಂಧ್ರ, ಮಾಲೂರಿನ ಮಾಸ್ತಿ ದಾಟಿ ಹೋದರೆ ತಮಿಳುನಾಡು. ನಮ್ಮಲ್ಲಿ ಬಹಳ ಮನೆಗಳಲ್ಲಿ ತಾಯಿ ಜೋಗುಳ ಹಾಡುವುದು ತೆಲುಗಿನಲ್ಲಿ, ಮಗ ಶಾಲೆಯಲ್ಲಿ ಕಾಗುಣಿತ ಬರೆಯುವುದು ಕನ್ನಡದಲ್ಲಿ, ಸಂತೆಯಲ್ಲಿ ದನದ ವ್ಯಾಪಾರಕ್ಕೆ ನಾಲ್ಕು ಮಾತು ಉರ್ದು, ಕೆ.ಜಿ.ಎಫ್. ಕಡೆ ಹೋದರೆ ತಮಿಳು. ಹಸುವನ್ನು ಒಂದು ಭಾಷೆಯಲ್ಲಿ ಗದರಿಸಿ, ಲೆಕ್ಕವನ್ನು ಇನ್ನೊಂದು ಭಾಷೆಯಲ್ಲಿ ಮಾಡುವವರು ನಾವು. ಇದರಲ್ಲಿ ನಮಗೆ ಯಾವ ಗೊಂದಲವೂ ಇಲ್ಲ. ಗೊಂದಲ ಬರುವುದು ಹೊರಗಿನವರು ಕೇಳಿದಾಗ. ಬೆಂಗಳೂರಿಗೆ ಹೋದರೆ ನಮ್ಮ ಮಾತಿನ ಎಳೆ ಕೇಳಿ ‘ಆಂಧ್ರದವರಾ?’ ಅನ್ನುತ್ತಾರೆ. ಹೆಣ್ಣು ನೋಡುವುದಕ್ಕೆ ಪುಂಗನೂರು, ಮದನಪಲ್ಲಿ ಕಡೆ ಹೋದರೆ ‘ಕನ್ನಡದವರು ಬಂದಿದ್ದಾರೆ’ ಅನ್ನುತ್ತಾರೆ.

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ, ಇಲ್ಲಿ ತೆಲುಗು ಮಾತಾಡುವವರು ಬಹಳ ಮಂದಿ ಇದ್ದರೂ ಕೋಲಾರ ಜಿಲ್ಲೆ ಹಳೆಯ ಮೈಸೂರಿನ ಜೊತೆಗೇ ಉಳಿಯಿತು. ಶಾಲೆ, ಕಚೇರಿ, ಪಹಣಿ, ಪತ್ರ ಎಲ್ಲಾ ಕನ್ನಡವಾಯಿತು. ಮನೆ ಒಂದು ಕಡೆಯಿಂದ, ಶಾಲೆ ಒಂದು ಕಡೆಯಿಂದ ನಮ್ಮನ್ನು ಬೆಳೆಸಿದವು. ಇದರಿಂದ ನಷ್ಟವಾಯಿತೇ? ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ನಮ್ಮ ಮಾಲೂರು ತಾಲ್ಲೂಕಿನಲ್ಲೇ ಹುಟ್ಟಿದವರು. ಅವರ ಮನೆಮಾತು ತಮಿಳು. ಜೀವಮಾನ ಪೂರ್ತಿ ಬರೆದದ್ದು ಕನ್ನಡ. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಕನ್ನಡಿಗರು ಅವರನ್ನು ‘ಮಾಸ್ತಿ ಕನ್ನಡದ ಆಸ್ತಿ’ ಅಂತ ಕರೆದರು. ಡಿ.ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿ, ಈ ಗಡಿಯ ಗಾಳಿಯಲ್ಲೇ ಬೆಳೆದವರು. ಕೈವಾರದ ತಾತಯ್ಯನವರು ಬಳೆ ಮಾರುತ್ತಾ ಊರೂರು ತಿರುಗಿದವರು. ಅವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದರು. ನಮ್ಮ ಭಜನೆ ಮನೆಗಳಲ್ಲಿ ಇವತ್ತಿಗೂ ಎರಡನ್ನೂ ಒಂದೇ ತಾಳಕ್ಕೆ ಹಾಡುತ್ತಾರೆ.

ಶ್ರೀನಿವಾಸಪುರದ ಮಾವಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾಟೆಯಿಂದ ಬಂದ ನಾಟಿ ಗಿಡಕ್ಕೆ ಬಾದಾಮಿಯದೋ ಮಲ್ಲಿಕಾದ್ದೋ ಕಡ್ಡಿ ತಂದು ಕಸಿ ಕಟ್ಟುತ್ತೇವೆ. ಬೇರು ನೀರು ತರುತ್ತದೆ, ಕಡ್ಡಿ ಹಣ್ಣು ಕೊಡುತ್ತದೆ. ಈ ಗಿಡ ನಿಜವಾಗಿ ಯಾವುದು ಅಂತ ಯಾರಾದರೂ ಜಗಳ ಮಾಡುತ್ತಾರೆಯೇ? ಬೇರು ಕಿತ್ತರೂ ಗಿಡ ಸಾಯುತ್ತದೆ, ಕಸಿ ಮುರಿದರೂ ಕೆಡುತ್ತದೆ. ನಾವೂ ಹಾಗೇ ಕಸಿ ಮಾಡಿದ ಗಿಡಗಳು. ‘ನೀವು ಯಾರು?’ ಅಂತ ಯಾರಾದರೂ ಕೇಳಿದರೆ ‘ಕೋಲಾರ ಜಿಲ್ಲೆ ಕನ್ನಡದವರು, ಮನೇಲಿ ತೆಲುಗು’ ಅಂತ ತಲೆ ಎತ್ತಿ ಹೇಳಬೇಕು. ಅರ್ಧ ಕನ್ನಡಿಗರು ಅಂತ ತಲೆ ತಗ್ಗಿಸಬೇಕಾಗಿಲ್ಲ.

ಕೆ.ಜಿ.ಎಫ್. ಜನರ ಪಾಡು ಇದಕ್ಕಿಂತ ಕಷ್ಟದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗೆ ಇಳಿಯಲು ತಮಿಳು ಸೀಮೆಯಿಂದ, ಆಂಧ್ರದಿಂದ ಜನ ಬಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿ ನಾಲ್ಕು ತಲೆಮಾರು ಹುಟ್ಟಿತ್ತು. ತಾತನ ಊರಿಗೆ ಹೋದರೆ ಅವರು ಕರ್ನಾಟಕದವರು, ಇಲ್ಲಿ ಅವರು ತಮಿಳರು. ಅವರ ಗುರುತು ಗಣಿಯೇ ಆಗಿತ್ತು. ಗಣಿ ಮುಚ್ಚಿದಾಗ ಸಂಬಳದ ಜೊತೆ ‘ನಾವು ಯಾರು’ ಎಂಬುದಕ್ಕೆ ಇದ್ದ ಉತ್ತರವೂ ಹೋಯಿತು. ಈಗ ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಒಂದೇ ಕಸುಬಿನ ಮೇಲೆ ಗುರುತನ್ನೆಲ್ಲಾ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಪಾಠ ಇದೆ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇವೆ. ಭಾಷೆಯ ವಿಷಯದಲ್ಲಿ ನಮ್ಮನ್ನು ಬೆಳೆಸಿದ ರೀತಿ ನಮಗೆ ಎರಡು ಕಿಟಕಿ ಕೊಟ್ಟಿತು. ಜಾತಿಯ ವಿಷಯದಲ್ಲಿ ಬಾಗಿಲು ಹಾಕಿತು.

2015ರಲ್ಲಿ ಪತ್ರಿಕೆಗಳಲ್ಲೆಲ್ಲಾ ಬಂದ ಸುದ್ದಿ ನಿಮಗೆ ನೆನಪಿರಬಹುದು. ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು ದಲಿತ ಹೆಣ್ಣುಮಗಳು ಅಂತ ಮಕ್ಕಳು ಊಟ ಬಿಟ್ಟರು. ಆಮೇಲೆ ಹೆಚ್ಚಿನ ಮಕ್ಕಳು ಶಾಲೆಯನ್ನೇ ಬಿಟ್ಟು ಹೋದರು. ಆರು ವರ್ಷ, ಏಳು ವರ್ಷದ ಮಕ್ಕಳು. ಹಸಿದ ಮಗು ಅನ್ನದ ಮುಂದೆ ಕುಳಿತು, ಬೇಡ ಅನ್ನುವುದು ಎಂದರೆ ಸಾಮಾನ್ಯವೇ? ಹಸಿವು ಹುಟ್ಟುಗುಣ. ಬೇಡ ಅನ್ನುವುದು ಕಲಿತ ಗುಣ. ಕಲಿತ ಗುಣ ಹುಟ್ಟುಗುಣವನ್ನು ಗೆದ್ದಿತು ಎಂದರೆ ಮನೆಯ ಪಾಠಕ್ಕೆ ಎಷ್ಟು ಬಲ ಇದೆ ನೋಡಿ.

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೇಸಾಯಿತು, ಜಿಲ್ಲಾಧಿಕಾರಿಗಳು ಬಂದರು, ದೇಶಕ್ಕೆಲ್ಲಾ ಸುದ್ದಿಯಾಯಿತು. ಆ ಹುಡುಗನಿಗೆ ಅದು ಒಂದು ಕೋಲು. ದೊಡ್ಡವರಿಗೆ ಅದು ಗಡಿ ಕಲ್ಲು. ಆ ಊರುಗಳನ್ನು ಬೊಟ್ಟು ಮಾಡಿ ತೋರಿಸಲಿಕ್ಕೆ ಇದನ್ನು ಹೇಳುತ್ತಿಲ್ಲ. ಸುದ್ದಿಯಾದ ಊರು ಎರಡು, ಸುದ್ದಿಯಾಗದ ಊರು ಎಷ್ಟು ಅಂತ ಇಲ್ಲಿ ಕುಳಿತವರಿಗೆಲ್ಲಾ ಗೊತ್ತು.

ಇಂಥ ಪಾಠ ಕಲಿಸಲು ತಲೆಮಾರುಗಳು ಬೇಕು ಅಂತ ತಿಳಿಯಬೇಡಿ. ಅಮೆರಿಕಾದಲ್ಲಿ ರೈಸ್‌ವಿಲ್ ಅಂತ ಒಂದು ರೈತರ ಊರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಮಾರನೇ ದಿನ ಅಲ್ಲಿಯ ಜೇನ್ ಎಲಿಯಟ್ ಎಂಬ ಶಾಲಾ ಶಿಕ್ಷಕಿ ಮೂರನೇ ಕ್ಲಾಸಿನ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದರು. ನೀಲಿ ಕಣ್ಣಿನವರು ಒಂದು, ಕಂದು ಕಣ್ಣಿನವರು ಒಂದು. ಒಂದು ಗುಂಪು ಮೇಲು, ಇನ್ನೊಂದು ಕೀಳು ಅಂತ ಹೇಳಿದರು. ಆಮೇಲೆ ತಿರುಗಿಸಿ, ಮೇಲಿದ್ದವರನ್ನು ಕೀಳು ಮಾಡಿದರು. ಪ್ರತಿ ಸಲವೂ ಮೇಲು ಅನ್ನಿಸಿಕೊಂಡ ಮಕ್ಕಳು ಸೊಕ್ಕಿದರು. ಕೀಳು ಅನ್ನಿಸಿಕೊಂಡ ಮಕ್ಕಳು ಮಂಕಾದರು, ಬರುತ್ತಿದ್ದ ಪಾಠವೂ ಅವರಿಗೆ ಬಾರದೇ ಹೋಯಿತು. ಒಂದು ದಿನಕ್ಕೆ ಹೀಗಾದರೆ, ಹುಟ್ಟಿದಾಗಿನಿಂದ ದಿನವೂ ಅದೇ ಮಾತು ಕೇಳಿದ ಮಗುವಿನ ಗತಿ ಏನು?

ಆದರೂ ಬೆಳೆಸಿದ ರೀತಿಯೇ ಹಣೆಬರಹ ಅಂತ ನಾವು ಹೇಳುವುದಿಲ್ಲ. ಬಾಬಾ ಸಾಹೇಬ್ ಅಂಬೇಡ್ಕರರು ಚಿಕ್ಕವರಿದ್ದಾಗ ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಹೊತ್ತುಕೊಂಡು ಹೋಗಬೇಕಿತ್ತು. ಜವಾನ ನಲ್ಲಿ ತಿರುಗಿಸಿದರೆ ಅವರಿಗೆ ನೀರು, ಜವಾನ ಬಾರದಿದ್ದರೆ ನೀರಿಲ್ಲ. ಶಾಲೆ ಹೇಳಿಕೊಟ್ಟ ಗುರುತು ಅದು. ಮನೆಯಲ್ಲಿ ತಂದೆ ರಾಮಜಿಯವರು ಹೇಳಿಕೊಟ್ಟದ್ದು ಬೇರೆ. ಓದು, ಬಿಡಬೇಡ. ಊರು ಕೊಟ್ಟ ಗುರುತಿಗೆ ಮನೆ ಎದುರು ನಿಂತಿತು. ಗೋಣಿತಟ್ಟಿನ ಮೇಲೆ ಕುಳಿತ ಹುಡುಗ ದೇಶದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು.

ಈಗ ನಮ್ಮ ಸಂಘದ ಮಾತು. ಸಂಘ ಶುರುವಾದ ದಿನಗಳಲ್ಲಿ ‘ನಮ್ಮ ಬೀದಿ ಹಾಲಿಗೆ ಬೇರೆ ಕ್ಯಾನ್ ಇಡಿ’ ಅಂತ ಕೇಳಿದವರು ಇದ್ದರು. ಯಾರು ಅಂತ ಹೇಳುವುದಿಲ್ಲ, ಕೆಲವರು ಈಗಿಲ್ಲ. ಲಾರಿಗೆ ಹೋಗುವ ಕ್ಯಾನ್ ಒಂದೇ, ಬೇಕಾದರೆ ಹಾಕಿ, ಬೇಡವಾದರೆ ಹಿಂದಿನ ಹಾಗೆ ಹೋಟೆಲಿನವರಿಗೆ ಅವರು ಹೇಳಿದ ರೇಟಿಗೆ ಕೊಡಿ ಅಂತ ಆಗ ಮಂಡಳಿಯವರು ಹೇಳಿದರು. ಒಂದು ವಾರ ಗೊಣಗಾಟ ಆಯಿತು. ಮೊದಲನೇ ಬಟವಾಡೆ ಬಂತು. ಗೊಣಗಾಟ ನಿಂತಿತು.

ಅವತ್ತಿನಿಂದ ಈ ಊರಿನ ಎಲ್ಲಾ ಬೀದಿಯ ಹಾಲು ಒಂದೇ ಕ್ಯಾನಿನಲ್ಲಿ ಕಲೆತಿದೆ. ಪರೀಕ್ಷೆ ಮಾಡುವ ಯಂತ್ರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಮಾತ್ರ ಕೇಳುತ್ತದೆ. ಯಾರ ಮಗ ಅಂತ ಕೇಳುವುದಿಲ್ಲ. ನೀರು ಬೆರೆಸಿದ್ದರೆ ದೊಡ್ಡವರ ಮನೆ ಹಾಲನ್ನೂ ಹಿಂದಕ್ಕೆ ಕಳಿಸುತ್ತದೆ. ಬೆಳಗ್ಗೆ ಆರು ಗಂಟೆಗೆ ಮೊದಲು ಬಂದವರು ಮುಂದೆ, ಆಮೇಲೆ ಬಂದವರು ಹಿಂದೆ. ಚಿಕ್ಕಂದಿನಿಂದ ಪಾತ್ರೆ ಹಿಡಿದು ಆ ಸಾಲಿನಲ್ಲಿ ನಿಂತು ಬೆಳೆದ ಹುಡುಗರಿಗೆ ಈಗ ಇಪ್ಪತ್ತೈದು ವರ್ಷ. ಅವರಿಗೆ ಅದು ಸುಧಾರಣೆಯೂ ಅಲ್ಲ, ಕ್ರಾಂತಿಯೂ ಅಲ್ಲ, ಬರೀ ಅಭ್ಯಾಸ. ಬೇರೆ ಸಾಲು ಮಾಡಿ ಅಂತ ಇವತ್ತು ಯಾರಾದರೂ ಅಂದರೆ ಆ ಹುಡುಗರೇ ನಗುತ್ತಾರೆ. ನಲವತ್ತು ಭಾಷಣದಿಂದ ಆಗದ ಕೆಲಸ ಒಂದು ಸಾಲಿನಿಂದ ಆಯಿತು.

ಆದರೆ ಪೂರ್ತಿ ಆಯಿತೇ? ಅದನ್ನು ನಾವು ಒಬ್ಬರಿಗೊಬ್ಬರು ಕೇಳಿಕೊಳ್ಳಬೇಕು. ಕ್ಯಾನಿನಲ್ಲಿ ಹಾಲು ಕಲೆತಿದೆ, ಲೋಟದಲ್ಲಿ ಕಲೆತಿಲ್ಲ. ಎಲ್ಲರ ಹಾಲು ಬೆರೆತು ಡೇರಿಗೆ ಹೋಗಿ, ಪ್ಯಾಕೆಟ್ಟಿನಲ್ಲಿ ತಿರುಗಿ ನಮ್ಮ ಅಂಗಡಿಗೇ ಬಂದಾಗ ಹಬ್ಬದ ಪಾಯಸಕ್ಕೆ ತರುತ್ತೇವೆ. ಆ ಹಾಲು ಕರೆದ ಕೈಯಿಂದ ಒಂದು ಲೋಟ ಕಾಫಿ ಮಾತ್ರ ತೆಗೆದುಕೊಳ್ಳುವುದಿಲ್ಲ. ಲಾಭ ಇದ್ದ ಕಡೆ ಮಡಿ ಕರಗಿತು, ಲಾಭ ಇಲ್ಲದ ಕಡೆ ಹಾಗೇ ಗಟ್ಟಿಯಾಗಿ ಕುಳಿತಿದೆ. ಅವಶ್ಯಕತೆಯಿಂದ ಕಲಿತದ್ದನ್ನು ಮನಸ್ಸಿನಿಂದ ಮುಂದುವರಿಸಬೇಕು. ಅಷ್ಟೇ ಬಾಕಿ ಇರುವ ಕೆಲಸ. ಅಷ್ಟೇ ಅಂದರೂ ಅದೇ ದೊಡ್ಡದು.

ತಾಯಂದಿರ ವಿಷಯ ಒಂದೆರಡು ಮಾತು. ಹೆಣ್ಣುಮಗು ಹುಟ್ಟಿದ ದಿನದಿಂದ ‘ಇನ್ನೊಬ್ಬರ ಮನೆಗೆ ಹೋಗುವವಳು’ ಅಂತ ಬೆಳೆಸುತ್ತೇವೆ. ಹೋದ ಮನೆಯಲ್ಲಿ ‘ಹೊರಗಿನಿಂದ ಬಂದವಳು’ ಅನ್ನುತ್ತಾರೆ. ಹಾಗಾದರೆ ಅವಳ ಊರು ಯಾವುದು? ಬೆಳಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚುವವರು, ಹಾಲು ಕರೆಯುವವರು, ಸಂಘಕ್ಕೆ ಹೊತ್ತು ತರುವವರು ಹೆಚ್ಚಾಗಿ ಹೆಂಗಸರೇ. ಪಾಸ್‌ಬುಕ್ಕಿನಲ್ಲಿ ಹೆಸರು ಯಾರದು? ಬಹಳ ಮನೆಗಳಲ್ಲಿ ಗಂಡಸರದು. ಕಾಯಿದೆ ಪ್ರಕಾರ ಮಂಡಳಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಸ್ಥಾನ ಮೀಸಲಿಟ್ಟಿದ್ದಾರೆ. ಆ ಕುರ್ಚಿಯಲ್ಲಿ ಕುಳಿತು ಮಾತಾಡುವುದಕ್ಕೆ ನಾಚಿಕೆ ಆಗುತ್ತದೆ ಅಂತ ಕೆಲವು ತಾಯಂದಿರು ಹೇಳುತ್ತಾರೆ. ಅದು ಅವರ ಹುಟ್ಟುಗುಣ ಅಲ್ಲ. ಗಂಡಸರ ಮುಂದೆ ಮಾತಾಡಬೇಡ ಅಂತ ಸಣ್ಣವರಿದ್ದಾಗಿನಿಂದ ಕಟ್ಟಿದ ಎಡಗಡೆಯ ನೊಗ.

ಇನ್ನು ಕೊನೆಯ ವಿಷಯ. ಇದು ಈ ಸಂಘ ಉಳಿಯುವುದೋ ಇಲ್ಲವೋ ಎಂಬ ವಿಷಯ. ಆದ್ದರಿಂದ ಯುವಕರು ಸ್ವಲ್ಪ ಮುಂದೆ ಬಂದು ಕೇಳಿ.

ನಮ್ಮನ್ನೆಲ್ಲಾ ಬೆಳೆಸಿದ ಒಂದು ಬೈಗುಳ ಇದೆ. ಲೆಕ್ಕ ತಪ್ಪಿದರೆ, ಮಗ್ಗಿ ಬಾರದಿದ್ದರೆ, ಪರೀಕ್ಷೆಯಲ್ಲಿ ಫೇಲಾದರೆ ಮೇಷ್ಟರೂ ಅದನ್ನೇ ಅನ್ನುತ್ತಿದ್ದರು, ಮನೆಯಲ್ಲೂ ಅದನ್ನೇ ಅನ್ನುತ್ತಿದ್ದರು. ‘ದನ ಕಾಯೋಕೆ ಹೋಗು!’ ಯೋಚನೆ ಮಾಡಿ. ಗೋವಿನ ಹಾಡನ್ನು ಬಾಯಿಪಾಠ ಮಾಡಿಸಿದ್ದು ಅದೇ ಶಾಲೆ. ಪುಣ್ಯಕೋಟಿ ಕಥೆ ಕೇಳಿ ಮಕ್ಕಳ ಕಣ್ಣಲ್ಲಿ ನೀರು ಬರುತ್ತಿತ್ತು. ಮುಂದಿನ ಪೀರಿಯಡ್ಡಿನಲ್ಲಿ ದನ ಕಾಯುವುದು ಎಂದರೆ ದಂಡರ ಕೆಲಸ. ಹಸು ದೇವರು, ಹಸು ಕಾಯುವವನು ದಡ್ಡ! ಈ ಲೆಕ್ಕ ಎಲ್ಲಿ ಸರಿ ಹೋಗುತ್ತದೆ?

ಬೇರೆಯವರು ಅಂದಿದ್ದರೆ ಬಿಡಬಹುದಿತ್ತು. ದನದ ಸಗಣಿ ಎತ್ತಿ, ಆ ಹಾಲಿನ ದುಡ್ಡಿನಲ್ಲಿ ಫೀಸು ಕಟ್ಟಿದ ತಂದೆ ತಾಯಿಯೇ ಮಗನಿಗೆ ಇದನ್ನು ಹೇಳುತ್ತಾರೆ. ‘ನಮ್ಮ ಹಾಗೆ ಆಗಬೇಡಪ್ಪ’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಬರ ಕಂಡವರು, ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಕಂಡವರು, ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿದವರು ಇನ್ನೇನು ಹೇಳುತ್ತಾರೆ? ಆದರೆ ಮಗು ಕೇಳಿಸಿಕೊಳ್ಳುವುದು ಬೇರೆ. ‘ನಮ್ಮಪ್ಪ ಇರುವ ಹಾಗೆ ಇರುವುದು ನಾಚಿಕೆಗೇಡು’ ಅಂತ ಅದಕ್ಕೆ ಕೇಳಿಸುತ್ತದೆ. ಆ ಮಗು ಬೆಳೆದು ನರಸಾಪುರದ ಫ್ಯಾಕ್ಟರಿಗೋ ಮಾಲೂರಿನ ಕೈಗಾರಿಕಾ ಪ್ರದೇಶಕ್ಕೋ ಕಂಪನಿ ಬಸ್ಸಿನಲ್ಲಿ ಹೋಗುತ್ತದೆ, ಕತ್ತಿಗೆ ಟ್ಯಾಗ್ ಹಾಕಿಕೊಳ್ಳುತ್ತದೆ. ಹೋಗಲಿ, ತಪ್ಪೇನಿಲ್ಲ. ಎಲ್ಲರೂ ಹಸು ಕಟ್ಟಬೇಕು ಅಂತ ನಾವು ಹೇಳುವುದಿಲ್ಲ. ಆದರೆ ಗುತ್ತಿಗೆ ಕೆಲಸ ಮುಗಿದು ಮನೆಗೆ ಬಂದ ಹುಡುಗ, ಮನೆಯಲ್ಲಿ ನಾಲ್ಕು ಹಸು ಇದ್ದರೂ ‘ಕೆಲಸ ಇಲ್ಲ’ ಅಂತ ಕಟ್ಟೆ ಮೇಲೆ ಕೂರುತ್ತಾನಲ್ಲ, ಅದು ಆ ಬೈಗುಳದ ಫಲ. ಕೊಟ್ಟಿಗೆಯ ಕೆಲಸವನ್ನು ಕೆಲಸ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಹೆಣ್ಣು ಕೊಡುವವರೂ ಅದೇ ಬೈಗುಳದಲ್ಲಿ ಬೆಳೆದವರು. ತಿಂಗಳಿಗೆ ಸಂಬಳದ ಚೀಟಿ ತರುವ ಹುಡುಗನಿಗೆ ಹೆಣ್ಣು ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ತೆಗೆದುಕೊಳ್ಳುವ, ಮೂರೆಕರೆ ಜಮೀನಿರುವ ಹುಡುಗನಿಗೆ ಮೂವತ್ತೈದು ದಾಟಿದರೂ ಸಿಗುವುದಿಲ್ಲ. ರೈತರೇ ರೈತನಿಗೆ ಹೆಣ್ಣು ಕೊಡುವುದಿಲ್ಲ. ಈ ಸಭೆಯಲ್ಲೇ ಅಂಥ ತಂದೆಯರು ಇದ್ದಾರೆ, ಅಂಥ ಹುಡುಗರೂ ಇದ್ದಾರೆ.

ನಿಜ ಹೇಳಬೇಕೆಂದರೆ ಈಗ ದನ ಕಾಯುವುದಕ್ಕೆ ಎಷ್ಟು ವಿದ್ಯೆ ಬೇಕು! ಹಸು ಬೆದೆಗೆ ಬಂದ ಹೊತ್ತು ಗುರುತಿಸಬೇಕು, ಕೆಚ್ಚಲು ಬಾವಿನ ಲಕ್ಷಣ ತಿಳಿಯಬೇಕು, ಮೇವಿಗೂ ಹಿಂಡಿಗೂ ಲೆಕ್ಕ ಹಾಕಬೇಕು, ಸಾಲದ ಕಂತು ನೋಡಬೇಕು, ಮೊಬೈಲಿನಲ್ಲಿ ಬರುವ ಫ್ಯಾಟಿನ ಅಂಕಿ ಓದಬೇಕು. ದಡ್ಡನಿಗೆ ಆಗುವ ಕೆಲಸವೇ ಇದು? 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ತಮ್ಮ ಹಾಲಿಗೆ ತಾವೇ ಒಡೆಯರಾಗಬೇಕು ಅಂತ ಸಂಘ ಕಟ್ಟಿದರು. ಅದೇ ಆಣಂದ್ ಮಾದರಿ. 1974ರಲ್ಲಿ ಅದು ಕರ್ನಾಟಕಕ್ಕೆ ಬಂತು. ದನ ಕಾಯುವವರೇ ಸೇರಿ ಇಷ್ಟು ದೊಡ್ಡ ಸಂಸ್ಥೆ ನಡೆಸುತ್ತಾರೆ ಅಂತ ಲೋಕಕ್ಕೆ ತೋರಿಸಿದ್ದು ಸಹಕಾರ. 2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುತ್ತಿರುವ ಹಾಲೂ ನಮ್ಮಂಥ ಸಂಘಗಳಿಂದ ಹೋದದ್ದೇ. ದನ ಕಾಯೋಕೆ ಹೋಗು ಅನ್ನುವ ಶಾಲೆಗೆ ಹಾಲು ಕಳಿಸಿದ್ದು ದನ ಕಾಯುವವರು!

ಬಹಳ ಹೊತ್ತು ಮಾತಾಡಿದೆವು. ಮೂರು ಕೋರಿಕೆ ಇಟ್ಟು ಮುಗಿಸುತ್ತೇವೆ.

ಒಂದು. ಹಾಲು ಕರೆಯುವವರ ಹೆಸರಿನಲ್ಲೇ ಸದಸ್ಯತ್ವ ಮತ್ತು ಪಾಸ್‌ಬುಕ್ ಇರಲಿ. ಮುಂದಿನ ಸರ್ವಸದಸ್ಯರ ಸಭೆಗೆ ಮೊದಲು ಮನೆಮನೆಗೆ ಬಂದು ಅರ್ಜಿ ತುಂಬಿಸಿಕೊಳ್ಳಲು ಮಂಡಳಿ ಸಿದ್ಧ ಇದೆ. ಸ್ವಂತ ಹೆಸರು ಅಚ್ಚಾದದ್ದನ್ನು ನೋಡಿದ ತಾಯಿ ಮಗಳನ್ನು ಬೆಳೆಸುವ ರೀತಿಯೇ ಬೇರೆ ಆಗುತ್ತದೆ.

ಎರಡು. ಆ ಬೈಗುಳವನ್ನು ನಮ್ಮ ಮನೆಗಳಲ್ಲಿ ಇವತ್ತಿಗೆ ನಿಲ್ಲಿಸೋಣ. ಮಗನಿಗೆ ಬೈಯಬೇಡಿ ಅಂತ ಹೇಳುತ್ತಿಲ್ಲ. ಬೈಯಿರಿ, ಕನ್ನಡದಲ್ಲೂ ತೆಲುಗಿನಲ್ಲೂ ಬೈಗುಳಕ್ಕೆ ಬರ ಇಲ್ಲ. ನಮ್ಮ ಅನ್ನವನ್ನೇ ಬೈಗುಳ ಮಾಡುವುದು ಬೇಡ. ಭಾನುವಾರ ಒಂದು ದಿನ ಮಕ್ಕಳನ್ನು ಸಂಘಕ್ಕೆ ಕರೆತನ್ನಿ. ಹಾಲಿನ ಪರೀಕ್ಷೆ ಹೇಗೆ, ಲೆಕ್ಕ ಹೇಗೆ ಅಂತ ನಮ್ಮ ಪರೀಕ್ಷಕರು ತೋರಿಸುತ್ತಾರೆ.

ಮೂರು. ಇದು ಇವತ್ತಿನ ಕೋರಿಕೆ. ಬೆಳ್ಳಿಹಬ್ಬದ ಊಟ ಒಂದೇ ಪಂಕ್ತಿಯಲ್ಲಿ ಅಂತ ಮಂಡಳಿ ಒಮ್ಮತದಿಂದ ತೀರ್ಮಾನ ಮಾಡಿದೆ. ಅಡುಗೆಗೆ ಎಲ್ಲಾ ಬೀದಿಯ ಹೆಣ್ಣುಮಕ್ಕಳೂ ಕೈ ಹಾಕಿದ್ದಾರೆ. ಸಭೆಗೆ ಬರುತ್ತೇವೆ, ಊಟಕ್ಕೆ ನಿಲ್ಲುವುದಿಲ್ಲ ಅಂತ ಕೆಲವರು ಅಂದಿದ್ದಾರೆ ಎಂಬುದು ನಮ್ಮ ಕಿವಿಗೂ ಬಿದ್ದಿದೆ. ಅವರ ಮೇಲೆ ನಮಗೆ ಕೋಪ ಇಲ್ಲ. ಎಪ್ಪತ್ತು ವರ್ಷ ಒಂದು ಕಡೆ ಕಟ್ಟಿದ ನೊಗ ಒಂದು ಮಧ್ಯಾಹ್ನದಲ್ಲಿ ಬದಲಾಗುವುದು ಸುಲಭ ಅಲ್ಲ ಅಂತ ಗೊತ್ತು. ಬಲವಂತ ಮಾಡುವುದೂ ಇಲ್ಲ. ಆದರೆ ಒಂದು ಮಾತು. ನೀವು ಊಟ ಮಾಡದೆ ಎದ್ದು ಹೋಗುವುದನ್ನು ನಿಮ್ಮ ಮೊಮ್ಮಗ ನೋಡುತ್ತಿರುತ್ತಾನೆ. ಯಾಕೆ ತಾತ ಅಂತ ಕೇಳುತ್ತಾನೆ. ಆಗ ನೀವು ಏನು ಹೇಳುತ್ತೀರೋ ಅದೇ ಅವನಿಗೆ ಪಾಠ. ಅದೇ ಕ್ಯಾನಿಗೆ ಸುರಿದ ಹಾಲಿನಿಂದ ಇವತ್ತು ಪಾಯಸ ಮಾಡಿದ್ದಾರೆ. ಇಪ್ಪತ್ತೈದು ವರ್ಷದಿಂದ ಕಲೆತ ಹಾಲನ್ನು ಬೇರೆ ಮಾಡಲು ಯಾರಿಂದಲೂ ಆಗದು.

ಎಲೆ ಹಾಕುತ್ತಿದ್ದಾರೆ. ದಯಮಾಡಿ ಹಿರಿಯರೇ ಮೊದಲು ಬಂದು ಸಾಲಿನಲ್ಲಿ ಕೂರಬೇಕು, ಮಕ್ಕಳು ಅವರ ಪಕ್ಕದಲ್ಲಿ ಕೂರುತ್ತಾರೆ.  ಜೈ ಸಹಕಾರ.